ಮೂಸಿದ ಮಲ್ಲಿಗೆ

ಅವರ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಹತ್ತೂ ಬೆರಳು ನುಣ್ಣಗೆ, ಬಿಳಚಿಕೊಂಡು, ನೆನೆಹಾಕಿ ಸಿಪ್ಪೆ ಸುಲಿದ ಬಾದಾಮಿಯ ಹಾಗೆ ಇರುತ್ತಿದ್ದವು. ಮೊದಲು ಮುಂಬಯಿಯ ಒಂದು ಆಸ್ಪತ್ರೆಯಲ್ಲಿ, ಆಮೇಲೆ ಬಹರೈನಿನ ಹೋಟೆಲಿನಲ್ಲಿ, ಒಟ್ಟು ಮೂವತ್ತು ವರ್ಷ ಬ್ಲೀಚಿನ ನೀರಿನಲ್ಲಿ ಅದ್ದಿದ ಕೈಗಳು ಅವು. ಚಾದರ ಒಣಗಿದೆಯೋ ಇಲ್ಲವೋ ಎಂಬುದು ಆ ಬೆರಳುಗಳಿಗೆ ತಿಳಿಯುತ್ತಿರಲಿಲ್ಲ. ಆದ್ದರಿಂದ ಕೆನ್ನೆಗೆ ಒತ್ತಿ ನೋಡುತ್ತಿದ್ದರು. ಸೋಪು ಪೂರ್ತಿ ಹೋಗಿದೆಯೇ ಎಂದು ತಿಳಿಯಲು ಮೂಗಿಗೆ ಹಿಡಿದು ದೀರ್ಘವಾಗಿ ಮೂಸುತ್ತಿದ್ದರು. ಮೊದಲ ಸಲ ಲಾಂಡ್ರಿಗೆ ಹೋದಾಗ ನಾನು ಕಂಡದ್ದು ಅದನ್ನೇ: ಕುತ್ತಿಗೆಗೆ ಕನ್ನಡಕ ನೇತುಹಾಕಿಕೊಂಡ, ನೀಲಿ ಕೋಟಿನ ಒಬ್ಬ ಗಿಡ್ಡ ಹೆಂಗಸು ಕಣ್ಣು ಮುಚ್ಚಿ ಹೋಟೆಲಿನ ಚಾದರವನ್ನು ಮಗುವಿನ ತಲೆಯ ಹಾಗೆ ಮೂಸುತ್ತಿದ್ದಾರೆ.

ನಾವು ಅವರನ್ನು ಬಾಯಮ್ಮ ಎನ್ನುತ್ತಿದ್ದೆವು. ನಮ್ಮ ಕರಾವಳಿಯಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಹಾಗೆ ಕರೆಯುವುದು ರೂಢಿ. ಅವರದು ಉಡುಪಿಯ ಹತ್ತಿರದ ಶಂಕರಪುರ, ಮನೆಮಾತು ಕೊಂಕಣಿ. ನಾನು ಕುಂದಾಪುರದವಳು. ನನಗೆ ಕೊಂಕಣಿ ಬಾರದು, ತುಳು ಅರ್ಧಂಬರ್ಧ, ಆದ್ದರಿಂದ ನಮ್ಮಿಬ್ಬರ ನಡುವೆ ಕನ್ನಡವೇ. ತೊಂಬತ್ತರ ದಶಕದ ಮೊದಲ ವರ್ಷಗಳವು. ಬಹರೈನಿನ ಹೂರಾ ಬಡಾವಣೆಯಲ್ಲಿದ್ದ ಆ ಹೋಟೆಲಿನ ಸಿಬ್ಬಂದಿ ಆಫೀಸಿನಲ್ಲಿ ನಾನು ಟೈಪಿಸ್ಟ್. ಪತ್ರ ಟೈಪ್ ಮಾಡುವುದಲ್ಲದೆ ಇನ್ನೊಂದು ಕೆಲಸವೂ ನನಗಿತ್ತು. ಕೆಲಸಗಾರರೆಲ್ಲರ ಪಾಸ್‌ಪೋರ್ಟುಗಳನ್ನು ಒಂದು ಕಬ್ಬಿಣದ ಕಪಾಟಿನಲ್ಲಿ ಇಟ್ಟಿರುತ್ತಿದ್ದರು, ಅದರ ಬೀಗದ ಕೈ ನನ್ನ ಪರ್ಸಿನಲ್ಲಿರುತ್ತಿತ್ತು. ಆಗ ಅದು ನನಗೆ ದೊಡ್ಡ ಜವಾಬ್ದಾರಿಯ ಹಾಗೆ ಕಂಡಿತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹೋಟೆಲಿನ ನೆಲಮಾಳಿಗೆಯ ಲಾಂಡ್ರಿ ಬಾಯಮ್ಮನ ರಾಜ್ಯ. ಅವರ ಕೈಕೆಳಗೆ ಏಳು ಸಿಂಹಳದ ಹುಡುಗಿಯರು. ಅವರಿಗೆ ಬಾಯಮ್ಮನ ಮುಂಬಯಿ ಹಿಂದಿ ಅರ್ಥವಾಗುತ್ತಿತ್ತೋ ಇಲ್ಲವೋ, ಬೈಗುಳ ಮಾತ್ರ ಚೆನ್ನಾಗಿ ಅರ್ಥವಾಗುತ್ತಿತ್ತು. ಅಲ್ಲಿ ಒಂದೇ ಕಾನೂನು: ಕಲೆಯನ್ನು ಅಡಗಿಸಬಾರದು. ತೊಳೆದರೂ ಹೋಗದ ಕಲೆ ಇದ್ದರೆ ಅದು ಮೇಲೆ ಕಾಣುವ ಹಾಗೆ ಮಡಚಬೇಕು. ಒಮ್ಮೆ ಒಬ್ಬಳು ಸಾರಿನ ಕಲೆಯೊಂದನ್ನು ಒಳಕ್ಕೆ ಹಾಕಿ ಮಡಚಿದ್ದಕ್ಕೆ, ಅವತ್ತು ಇಸ್ತ್ರಿಯಾದ ಮೇಜುಬಟ್ಟೆಗಳನ್ನೆಲ್ಲ ಬಿಚ್ಚಿಸಿ ಮತ್ತೆ ಮಡಚಿಸಿದ್ದರು. ಪಕ್ಕದಲ್ಲಿ ನಿಂತು ನಗುತ್ತಿದ್ದ ನನ್ನ ಕೈಯಲ್ಲಿನ ಪತ್ರದ ಮೇಲೆ ಅವರ ಕಣ್ಣು ಬಿತ್ತು. ಅದರಲ್ಲಿ ಮೂರು ಕಡೆ ತಪ್ಪಿದ ಅಕ್ಷರಕ್ಕೆ ಬಿಳಿ ಬಣ್ಣ ಬಳಿದು ಅದರ ಮೇಲೆ ಟೈಪ್ ಮಾಡಿದ್ದೆ.

"ನೀ ಎಂತ ನಗುದು ಮಾರಾಯ್ತಿ? ನಿನ್ನದೂ ಅದೇ ಕೆಲಸ ಅಲ್ವಾ?" ಎಂದರು.

ಹರಿದು ಹಳತಾದ ಚಾದರಗಳನ್ನು ಹೋಟೆಲು ಲೆಕ್ಕದಿಂದ ತೆಗೆದುಹಾಕುತ್ತಿತ್ತು. ಮ್ಯಾನೇಜರರು ತಿಂಗಳಿಗೊಮ್ಮೆ ಬಂದು ಅಂಥ ಚಾದರದ ಮೂಲೆಗೆ ಕೆಂಪು ಮುದ್ರೆ ಒತ್ತಿ, ಪಕ್ಕದಲ್ಲಿ ತಮ್ಮ ಚಿಕ್ಕ ಸಹಿ ಹಾಕುತ್ತಿದ್ದರು. ಆಮೇಲೆ ಅವು ನೆಲ ಒರೆಸುವ ಬಟ್ಟೆ. ಬೇರೆ ಯಾರಾದರೂ ಆಗಿದ್ದರೆ ಹಾಗೆಯೇ ಹರಿದು ಬಕೆಟ್ಟಿಗೆ ಹಾಕುತ್ತಿದ್ದರು. ಬಾಯಮ್ಮ ಅವನ್ನೂ ಒಗೆಸಿ, ಇಸ್ತ್ರಿ ಹಾಕಿಸಿ, ಆಮೇಲೆ ಹರಿಯುತ್ತಿದ್ದರು. ಯಾಕೆ ಎಂದು ಕೇಳಿದರೆ, "ಅಷ್ಟು ವರ್ಷ ದುಡಿದದ್ದಲ್ವಾ ಅದು?" ಎನ್ನುತ್ತಿದ್ದರು.

ಅವರಿಗೆ ಅಹಂಕಾರ ಎಂದು ಹೋಟೆಲಿನಲ್ಲಿ ಹಲವರು ಹೇಳುತ್ತಿದ್ದರು. ಇಗರ್ಜಿಗೆ, ಎಂದರೆ ಚರ್ಚಿಗೆ, ಬರುವ ಹೆಂಗಸರೂ ಹೇಳುತ್ತಿದ್ದರು. ಒಗೆಯುವವಳಿಗೆ ಇಷ್ಟು ಗತ್ತು ಯಾಕೆ ಎಂಬುದು ಅವರೆಲ್ಲರ ಪ್ರಶ್ನೆ. ಒಗೆಯುವವಳಿಗೆ ಯಾಕಿರಬಾರದು ಎಂದು ನಾನು ಆಗ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ.

ಆ ಏಳು ಜನರಲ್ಲಿ ಕುಸುಮಾ ಎಂಬವಳು ಎಲ್ಲರಿಗಿಂತ ಸಣ್ಣವಳು. ಆ ವರ್ಷ ಮಾರ್ಚಿನಲ್ಲಿ ಅವಳ ತಾಯಿ ತೀರಿಕೊಂಡರು. ಊರಿಗೆ ಹೋಗಲು ಕೇಳಿದಳು. ಕರಾರು ಮುಗಿಯಲು ಇನ್ನೂ ಹನ್ನೊಂದು ತಿಂಗಳಿದೆ ಎಂದು ಮ್ಯಾನೇಜರರು ಹೇಳಿದರು. ಅವಳ ಪಾಸ್‌ಪೋರ್ಟು ನನ್ನ ಕಪಾಟಿನಲ್ಲಿ, ಎರಡನೆಯ ಅರೆಯಲ್ಲಿ, ಎಡಗಡೆಯಿಂದ ಐದನೆಯದು. ನಾನು ಕಪಾಟಿಗೆ ಬೆನ್ನು ಹಾಕಿ ಕೂತು ಅವಳ ಅರ್ಜಿಯ ಮೇಲೆ ನಿರಾಕರಣೆಯ ಪತ್ರ ಟೈಪ್ ಮಾಡಿದೆ. ಬಾಯಮ್ಮ ಅವಳಿಗೆ ಅತಿ ಕಷ್ಟದ ಕೆಲಸ ಕೊಟ್ಟರು, ಔತಣದ ದೊಡ್ಡ ಹಾಲಿನ ಉದ್ದ ಮೇಜುಬಟ್ಟೆಗಳನ್ನು ಇಸ್ತ್ರಿ ಮಾಡುವ ಕೆಲಸ. ಪಾಪ ಅಲ್ಲವೇ ಎಂದೆ. "ಕೈ ಖಾಲಿ ಇದ್ರೆ ಅಳು ಜಾಸ್ತಿ ಬರ್ತದೆ. ಗಂಡ ಸತ್ತಾಗ ನಾನು ಮಾಡಿದ್ದೂ ಇದನ್ನೇ," ಎಂದರು.

ಮೇ ತಿಂಗಳಲ್ಲಿ ಹುಡುಗಿಯರ ನಡುವೆ ಒಂದು ಸುದ್ದಿ ಹರಡಿತು. ಇಬ್ಬರು ಭಿಕ್ಷುಗಳು ಸಿಂಹಳದಿಂದ ಬುದ್ಧನ ಧಾತು ತರುತ್ತಾರಂತೆ. ಧಾತು ಎಂದರೆ ಬುದ್ಧನ ದೇಹದ ಅವಶೇಷ, ಕರಂಡಕವೆಂಬ ಸಣ್ಣ ಪೆಟ್ಟಿಗೆಯಲ್ಲಿಟ್ಟದ್ದು. ಮೀನಾ ಸಲ್ಮಾನ್ ಬಂದರಿನ ಹಡಗು ರಿಪೇರಿ ವರ್ಕ್‌ಶಾಪುಗಳಲ್ಲಿ ದುಡಿಯುವ ಸಿಂಹಳದ ಬಡಗಿಗಳು ಒಂದು ಗೋಡೌನಿನ ಅಂಗಳದಲ್ಲಿ ಪ್ಲೈವುಡ್ಡಿನ ಪಗೋಡ ಕಟ್ಟುತ್ತಿದ್ದಾರಂತೆ. ಒಂದು ಶುಕ್ರವಾರ ಬೆಳಗಿನಿಂದ ಸಂಜೆಯವರೆಗೆ ಮಾತ್ರ ದರ್ಶನ. ಬಿಳಿ ಬಟ್ಟೆ ಉಟ್ಟು ಹೋಗಬೇಕು, ಹೂವು ಇಡಬೇಕು. ತಾಯಿಯ ಹೆಸರಿನಲ್ಲಿ ಅಲ್ಲಿ ಹೂವಿಟ್ಟರೆ ಆ ಪುಣ್ಯ ತಾಯಿಗೆ ಸೇರುತ್ತದೆ ಎಂದು ಕುಸುಮಾ ಬಾಯಮ್ಮನಿಗೆ ಹೇಳಿದಳು. ಅದಕ್ಕಿಂತ ಹೆಚ್ಚೇನೂ ಅವಳು ಕೇಳಲಿಲ್ಲ. ಊರಿಗೆ ಹೋಗಿ ಮಾಡಲಾಗದ್ದನ್ನು ಮಾಡಲು ಅವಳಿಗಿದ್ದದ್ದು ಆ ಒಂದು ಬೆಳಗು.

ಬಾಯಮ್ಮ ನೇರವಾಗಿ ನಮ್ಮ ಆಫೀಸಿಗೆ ಬಂದರು. ಮ್ಯಾನೇಜರರು ನಮ್ಮ ಜಿಲ್ಲೆಯವರೇ, ದೈವಭಕ್ತರು, ಕೂತಲ್ಲಿ ನಿಂತಲ್ಲಿ ಊರಿನ ದೇವರ ಹೆಸರು ಹೇಳುವವರು.

"ಶುಕ್ರವಾರ ಬೆಳಿಗ್ಗೆ ಹುಡುಗಿಯರಿಗೆ ಎರಡು ಗಂಟೆ ಬೇಕು ಸರ್."

"ಶುಕ್ರವಾರ ರಾತ್ರಿಗೆ ದೊಡ್ಡ ಮದುವೆ ಉಂಟು ಬಾಯಮ್ಮ. ಯಾರಿಗೂ ಲೀವ್ ಇಲ್ಲ."

"ಮದುವೆಯ ಬಟ್ಟೆ ಎಲ್ಲ ಗುರುವಾರ ಸಂಜೆಗೆ ಮುಗಿಸಿ ಕಪಾಟಿಗೆ ಹಾಕಿ ಬೀಗ ಹಾಕ್ತೇನೆ. ಶುಕ್ರವಾರ ಬೆಳಿಗ್ಗೆ ಇವರಿಗೆ ಒಗೆಯಲಿಕ್ಕೆ ಒಂದು ಕರ್ಚೀಫೂ ಇಲ್ಲ. ಗೋಡೆ ನೋಡ್ತಾ ಕೂರ್ಬೇಕಾ?"

"ಕೂರ್ಲಿ. ಡ್ಯೂಟಿ ಅಂದ್ರೆ ಡ್ಯೂಟಿ. ಇವತ್ತು ಇವರನ್ನು ಬಿಟ್ರೆ ನಾಳೆ ಎಲ್ಲರೂ ಕೇಳ್ತಾರೆ. ಅಲ್ಲ ಬಾಯಮ್ಮ, ಒಂದು ಹಲ್ಲೋ ಎಲುಬೋ ನೋಡ್ಲಿಕ್ಕೆ ಏಳು ಜನಕ್ಕೆ ರಜೆಯಾ?"

ಇದೇ ಮನುಷ್ಯ ಊರಾಚೆ ರಿಫಾದಲ್ಲಿದ್ದ ತನ್ನ ವಿಲ್ಲಾದಲ್ಲಿ ಗಣೇಶ ಚೌತಿ ಮಾಡುವಾಗ ಹೋಟೆಲಿನ ಇಬ್ಬರು ಅಡುಗೆಯವರು ಹೋಟೆಲಿನಲ್ಲಿ ಹಾಜರಿ ಹಾಕಿಸಿಕೊಂಡೇ ಹೋಗಿ ಎರಡು ದಿನ ಕಡುಬು ಬೇಯಿಸಿ ಬರುತ್ತಿದ್ದರು. ಆ ಕಡುಬನ್ನು ನಾನೂ ತಿಂದವಳೇ. ಆದ್ದರಿಂದ ಆಗ ತಲೆ ತಗ್ಗಿಸಿ ಟೈಪ್ ಮಾಡುವುದು ನನಗೆ ಸುಲಭವಾಯಿತು.

ಬಾಯಮ್ಮ ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಆಗಲಿಲ್ಲ. ಕನ್ನಡಕ ತೆಗೆದು ಕೋಟಿನ ಅಂಚಿನಲ್ಲಿ ಒರೆಸುತ್ತ ಹೇಳಿದರು: "ನಾನು ಸಣ್ಣವಳಿರುವಾಗ ಅಮ್ಮ ನನ್ನನ್ನು ಗೋವೆಗೆ ಕರ್ಕೊಂಡು ಹೋಗಿದ್ದಳು ಸರ್, ಅಲ್ಲಿನ ಇಗರ್ಜಿಯಲ್ಲಿ ನೂರಾರು ವರ್ಷದಿಂದ ಇಟ್ಟ ಸಂತರ ದೇಹ ನೋಡ್ಲಿಕ್ಕೆ. ಬಿಸಿಲಲ್ಲಿ ಒಂದಿಡೀ ದಿನ ಲೈನು. ಮುಖ ಕಾಣಲಿಲ್ಲ, ಜನ ನೂಕಿಬಿಟ್ರು. ಕಾಲಿನ ಒಂದು ಬೆರಳು ಕಂಡಿತು. ಆ ಒಂದು ಬೆರಳು ನೋಡಿದ್ದಕ್ಕೆ ನನ್ನ ಅಮ್ಮ ಸಾಯುವವರೆಗೆ ಸಮಾಧಾನದಲ್ಲಿ ಇದ್ದಳು. ಎಲುಬು ಅಂತ ನೀವು ಹೇಳಿದ್ರಲ್ಲ, ಅದಕ್ಕೆ ಹೇಳಿದೆ."

ಮ್ಯಾನೇಜರರ ಕೋಣೆಯಿಂದ ಹೊರಗೆ ಬಂದವರು ನನ್ನ ಮೇಜಿನ ಹತ್ತಿರ ನಿಂತರು. "ಶುಕ್ರವಾರ ನಿನಗೆ ರಜೆ ಅಲ್ವಾ? ಬೆಳಿಗ್ಗೆ ಏಳಕ್ಕೆ ಹಿಂದಿನ ಗೇಟಿನ ಹತ್ರ ಬಾ."

"ನಾನಾ? ನಾನು ಯಾಕೆ ಬಾಯಮ್ಮ?"

"ಹುಡುಗಿಯರು ಓಡಿಹೋಗ್ಲಿಲ್ಲ, ದೇವರಿಗೆ ಕೈಮುಗಿದು ಬಂದ್ರು ಅಂತ ಹೇಳ್ಳಿಕ್ಕೆ ಒಬ್ಬರು ಬೇಕಲ್ಲ. ಕಪಾಟಿನ ಬೀಗ ಇರುವವಳು ಹೇಳಿದ್ರೆ ನಂಬ್ತಾರೆ."

ಮುಂದಿನ ನಾಲ್ಕು ದಿನ ಲಾಂಡ್ರಿಯ ಯಂತ್ರಗಳು ಊಟದ ಹೊತ್ತಿಗೂ ನಿಲ್ಲಲಿಲ್ಲ. ಗುರುವಾರ ಸಂಜೆ ಐದಕ್ಕೆ ಮದುವೆಯ ಕಟ್ಟಕಡೆಯ ಕೈಒರೆಸುವ ಬಟ್ಟೆಯೂ ಮಡಚಿ ಕಪಾಟಿಗೆ ಹೋಯಿತು. ಅದೇ ದಿನಗಳಲ್ಲಿ ಕೆಂಪು ಮುದ್ರೆಯ ಚಾದರಗಳಿಂದ ಏಳು ಲಂಗ, ಏಳು ಕುಪ್ಪಸ ಆದವು. ಹರಿದ ಜಾಗ ಬಿಟ್ಟು, ಮುದ್ರೆ ಕತ್ತರಿಸಿ, ಲಾಂಡ್ರಿಯ ಹೊಲಿಗೆ ಯಂತ್ರದಲ್ಲಿ ಬಾಯಮ್ಮನೇ ಹೊಲಿದರು. ಒಂದು ಚಾದರ ಉಳಿಯಿತು. ಅದನ್ನೂ ಇಸ್ತ್ರಿ ಮಾಡಿ ಇಟ್ಟುಕೊಂಡರು.

ನಾನು ಹೋಗಬಾರದೆಂದು ಗುರುವಾರ ರಾತ್ರಿ ನಿಶ್ಚಯ ಮಾಡಿದ್ದೆ. ಬೆಳಗಾದಾಗ, ನಾಳೆ ಬಾಯಮ್ಮನಿಗೆ ಹೇಗೆ ಮುಖ ತೋರಿಸಲಿ ಎಂಬ ಹೆದರಿಕೆಯಿಂದ ಹೋದೆ. ಗೇಟಿನ ಹತ್ತಿರ ಬಟ್ಟೆ ಸಾಗಿಸುವ ವ್ಯಾನು ನಿಂತಿತ್ತು. ಅದು ಪ್ರತಿ ಶುಕ್ರವಾರ ರಿಫಾದಲ್ಲಿರುವ ಹೋಟೆಲಿನ ಫ್ಲಾಟುಗಳಿಗೆ ಹೋಗಿ ಕೊಳೆ ಬಟ್ಟೆ ತರುವ ವ್ಯಾನು. ಸ್ವಲ್ಪ ದಾರಿ ತಿರುಗಿಸಿದರೆ ಮೀನಾ ಸಲ್ಮಾನ್. ಡ್ರೈವರು ಉಳ್ಳಾಲದ ಬ್ಯಾರಿ. "ಬಾಯಮ್ಮ, ಜುಮ್ಮಾ ನಮಾಜಿಗೆ ಮೊದಲು ನಾನು ವಾಪಸು ಮುಟ್ಬೇಕು," ಎಂದ. "ನೀನು ಮುಟ್ತಿ. ನಾಲ್ಕು ಥರದ ದೇವರಿಗೆ ಕೈಮುಗಿಯುವವರು ಒಂದೇ ವ್ಯಾನಿನಲ್ಲಿದ್ದೇವೆ, ಎಲ್ಲಿ ಪಂಕ್ಚರಾಗ್ತದೆ?" ಎಂದರು ಬಾಯಮ್ಮ. ಬಟ್ಟೆಯ ಬುಟ್ಟಿಗಳ ನಡುವೆ ಒಂಬತ್ತು ಹೆಂಗಸರು ಒಬ್ಬರ ಕಾಲಮೇಲೊಬ್ಬರು ಕೂತೆವು. ಕಿಟಕಿಯಿಲ್ಲದ ಆ ವ್ಯಾನಿನಲ್ಲಿ ಹುಡುಗಿಯರ ಬಿಳಿ ಬಟ್ಟೆಗಳಿಂದಲೇ ಬೆಳಕು ಬರುತ್ತಿತ್ತು.

ಗೋಡೌನಿನ ಅಂಗಳದಲ್ಲಿ ಆ ಹೊತ್ತಿಗಾಗಲೇ ಉದ್ದನೆಯ ಸಾಲು. ಮನೆಗೆಲಸದವರು, ತೋಟದವರು, ಡ್ರೈವರುಗಳು, ಎಲ್ಲರೂ ಬಿಳಿ ಬಟ್ಟೆಯಲ್ಲಿ. ಸುತ್ತ ತುಕ್ಕು ಹಿಡಿದ ಸರಪಳಿ, ಎಣ್ಣೆ ಡ್ರಮ್ಮು, ನಡುವೆ ಎರಡಾಳೆತ್ತರದ ಬಿಳಿ ಪಗೋಡ. ಕಾಂಕ್ರೀಟು ಕಾಲು ಸುಡದಿರಲೆಂದು ಬಡಗಿಗಳು ಒದ್ದೆ ಗೋಣಿ ಹಾಸಿ ನೀರು ಹೊಯ್ಯುತ್ತಿದ್ದರು. ಪಗೋಡದ ಶಿಖರಕ್ಕೆ ಯಾವುದೋ ಹಡಗಿನ ಹಿತ್ತಾಳೆಯ ಕೊಳವೆ ಸಿಕ್ಕಿಸಿ ಉಜ್ಜಿ ಹೊಳೆಯಿಸಿದ್ದರು. ಹುಡುಗಿಯರು ವ್ಯಾನಿನಿಂದ ಇಳಿದವರೇ ಚಪ್ಪಲಿ ಕಳಚಿ ಕೈಮುಗಿದರು.

ಆಗ ಬಾಯಮ್ಮ ತಮ್ಮ ಚೀಲದಿಂದ ಬಾಳೆಎಲೆಯ ಪೊಟ್ಟಣ ತೆಗೆದರು. ಹೂವು ನನ್ನ ಲೆಕ್ಕ ಎಂದು ಹುಡುಗಿಯರಿಗೆ ಹೇಳಿದ್ದರು, ಯಾವ ಹೂವೆಂದು ಯಾರಿಗೂ ಹೇಳಿರಲಿಲ್ಲ. ವಿಮಾನದಲ್ಲಿ ಬರುವ ಊರಿನ ಮಲ್ಲಿಗೆಯನ್ನು ಮನಾಮ ಪೇಟೆಯ ಒಬ್ಬ ಅಂಗಡಿಯವನಿಗೆ ಹೇಳಿ ತರಿಸಿದ್ದರು. ನಾರಿನಲ್ಲಿ ಕಟ್ಟಿದ ಶಂಕರಪುರದ ಮೊಗ್ಗು, ಒಂದು ಅಟ್ಟೆ, ಎಂದರೆ ಸಾವಿರಾರು ಮೊಗ್ಗಿನ ದೊಡ್ಡ ಕಟ್ಟು. ಅವರ ಊರಲ್ಲಿ ಕ್ರಿಶ್ಚಿಯನ್ ಮನೆಗಳೆಲ್ಲ ಮಲ್ಲಿಗೆ ಬೆಳೆಯುವವರೇ. ನಸುಕಿನಲ್ಲಿ ಮೊಗ್ಗು ಕೊಯ್ದು, ಕಟ್ಟಿ, ಮೊದಲ ಬಸ್ಸಿಗೆ ಕಳಿಸುತ್ತ ಬೆಳೆದ ಹೆಂಗಸು ಅದು. ಎಲೆ ಬಿಚ್ಚಿದ್ದೇ ತಡ, ಎರಡೂ ಕೈಯಲ್ಲಿ ಹೂವೆತ್ತಿ ಮುಖವನ್ನು ಅದರೊಳಗೆ ಹುಗಿದು ಮೂಸಿದರು. ಚಾದರ ಮೂಸುವ ಹಾಗಲ್ಲ. ಹೆಗಲು ಮೇಲೇರಿ ಇಳಿಯುವಷ್ಟು ದೀರ್ಘವಾಗಿ ಮೂಸಿ, "ಹಾಂ, ನಿನ್ನೆ ಬೆಳಿಗ್ಗೆ ಕೊಯ್ದದ್ದೇ," ಎಂದು ಅರಳಿದ ಮುಖದಿಂದ ಕುಸುಮಾಳ ಕಡೆ ಚಾಚಿದರು.

ಕುಸುಮಾ ಕೈ ಒಡ್ಡಲಿಲ್ಲ. ಉಳಿದ ಆರು ಜನ ನೆಲ ನೋಡಿದರು.

"ಎಂತ ಆಯ್ತು?" ಬಾಯಮ್ಮ ನನ್ನನ್ನು ಕೇಳಿದರು. ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲೂ ಅದೇ ಕಟ್ಟಳೆ. ಚಿಕ್ಕಂದಿನಲ್ಲಿ ದೇವರ ಹೂವನ್ನು ಮೂಸಿದ್ದಕ್ಕೆ ಅಜ್ಜಿಯ ಕೈಯಿಂದ ಪೆಟ್ಟು ತಿಂದವಳು ನಾನು.

"ಮೂಸಿದ ಹೂವು ದೇವರಿಗೆ ಆಗುವುದಿಲ್ಲ ಬಾಯಮ್ಮ. ನಮ್ಮಲ್ಲಿಯೂ ಹಾಗೇ. ಎಂಜಲಾದ ಹಾಗೆ."

ಅವರ ಮುಖ ಕೆಂಪಾಯಿತು. "ಎಂಜಲಾ? ಯಾರು ಹೇಳಿದ್ದು ನಿಮಗೆ? ನಿಮ್ಮ ಎಲ್ಲ ದೇವಸ್ಥಾನಕ್ಕೆ ಹೋಗುವ ಮಲ್ಲಿಗೆ ನಮ್ಮ ಜಗಲಿಯಲ್ಲಿ, ನಮ್ಮ ಮೂಗಿನ ಕೆಳಗೆ ಕಟ್ಟಿದ್ದು! ಪರಿಮಳ ನೋಡದೆ ಯಾವ ಮೊಗ್ಗೂ ನಾವು ಬುಟ್ಟಿಗೆ ಹಾಕುದಿಲ್ಲ. ಇಷ್ಟು ವರ್ಷ ನಿಮ್ಮ ದೇವರು ಬೇಡ ಅಂತ ಹೇಳಿದ್ದಾನಾ?"

ಕುಸುಮಾ ತನ್ನ ಮುರುಕು ಹಿಂದಿಯಲ್ಲಿ "ಪರವಾಗಿಲ್ಲ ಮಮ್ಮಿ, ನಾನು ಬರಿಗೈಯಲ್ಲಿ ಮುಗಿಯುತ್ತೇನೆ" ಎಂದಳು. ಎರಡು ತಿಂಗಳು ತಡೆದುಕೊಂಡವಳು ಅಲ್ಲಿ, ಎಣ್ಣೆ ಡ್ರಮ್ಮುಗಳ ನಡುವೆ, ಜೋರಾಗಿ ಅಳತೊಡಗಿದಳು.

ಬಾಯಮ್ಮ ಮತ್ತೆ ವಾದಿಸಲಿಲ್ಲ. ಮಲ್ಲಿಗೆಯನ್ನು ಎತ್ತಿ ನನ್ನ ಮುಡಿಗೆ ಸಿಕ್ಕಿಸಿದರು, ಇಡೀ ಅಟ್ಟೆಯನ್ನು, ಮದುಮಗಳಿಗೆ ಮುಡಿಸುವ ಹಾಗೆ. ಆಮೇಲೆ ವ್ಯಾನಿನೊಳಗೆ ಕೈಹಾಕಿ, ಉಳಿದ ಆ ಒಂದು ಚಾದರ ತೆಗೆದರು. "ಇವಳಿಗೆ ಕೇಳು, ಬಟ್ಟೆ ಕೊಡಬಹುದಾ ಅಂತ. ನಮ್ಮಲ್ಲಿ ದೇವರು ಬೀದಿಗೆ ಬರುವಾಗ ಮೇಲೆ ಬಿಳಿ ಬಟ್ಟೆ ಹಿಡಿಯುದುಂಟು. ಇವರಲ್ಲಿ ಎಂತ ಕ್ರಮ?"

ಬಟ್ಟೆ ಕೊಡಬಹುದು, ಒಳ್ಳೆಯದು ಎಂದು ಕುಸುಮಾ ಕಣ್ಣೊರೆಸಿಕೊಂಡಳು. ನನಗೆ ಮಾತ್ರ ಇರಿಸುಮುರಿಸು. ಯಾರು ಯಾರೋ ಮಲಗೆದ್ದ ಹೋಟೆಲಿನ ಚಾದರ ಅಲ್ಲವೇ ಎಂದು ಪಿಸುಗುಟ್ಟಿದೆ. ಬಾಯಮ್ಮ ಮುದ್ರೆಯಿದ್ದ ಮೂಲೆಯನ್ನು ಹಲ್ಲಿನಿಂದ ಕಚ್ಚಿ, ಪರ್ರೆಂದು ಹರಿದು, ಆ ತುಂಡನ್ನು ಕೋಟಿನ ಜೇಬಿಗೆ ಹಾಕಿಕೊಂಡರು. "ಐನೂರು ಸಲ ಕುದಿಯುವ ನೀರಿನಲ್ಲಿ ಒಗೆದದ್ದು ಇದು. ನಿನ್ನ ಅಜ್ಜಿಯ ಮಡಿ ಸೀರೆಯನ್ನು ಎಷ್ಟು ಸಲ ಒಗೆದಿದ್ದರು ಹೇಳು ನೋಡುವ."

ಸಾಲು ನಿಧಾನವಾಗಿ ಪಗೋಡದ ಬುಡಕ್ಕೆ ಬಂತು. ಅಲ್ಲಿ ಒಂದು ಮೇಜು, ಅದರ ಮೇಲೆ ಪಗೋಡದ್ದೇ ಆಕಾರದ ಸಣ್ಣ ಕರಂಡಕ. ಹಿಂದೆ ಇಬ್ಬರು ಭಿಕ್ಷುಗಳು ಕೂತಿದ್ದರು. ಮೇಜಿನ ಹೊದಿಕೆಯ ಮೇಲೆ ದೀಪದ ಎಣ್ಣೆ ಚೆಲ್ಲಿ ಕಂದು ಕಲೆಯಾಗಿತ್ತು. ಬಾಯಮ್ಮನ ಕಣ್ಣು ಬುದ್ಧನಿಗಿಂತ ಮೊದಲು ಆ ಕಲೆಯ ಮೇಲೆ ಬಿತ್ತು ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಕುಸುಮಾ ಅಲ್ಲಿದ್ದ ಮುದುಕ ಬಡಗಿಯೊಡನೆ ಸಿಂಹಳದಲ್ಲಿ ಏನೋ ಹೇಳಿ ಚಾದರ ತೋರಿಸಿದಳು. ಮುದುಕ ಅದನ್ನು ಮುಟ್ಟಿ ನೋಡಿದ. ಭಿಕ್ಷುಗಳ ಕಡೆ ತಿರುಗಿದ. ಹಿರಿಯ ಭಿಕ್ಷು ತಲೆಯಾಡಿಸಿ, ಎದ್ದು, ಕರಂಡಕವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡರು.

ಕೊಳೆಯಾದ ಹೊದಿಕೆ ತೆಗೆದರು. ಕುಸುಮಾ ಈ ಕಡೆ, ಬಾಯಮ್ಮ ಆ ಕಡೆ. ದಿನಕ್ಕೆ ನೂರು ಸಲ ಬಟ್ಟೆ ಝಾಡಿಸಿ ಮಡಚುವ ಇಬ್ಬರು ಹೆಂಗಸರು ಎರಡೆರಡು ಮೂಲೆ ಹಿಡಿದು, ಒಂದೇ ಸಲ ಝಾಡಿಸಿದರು. ಚಾದರ ಗಾಳಿ ತುಂಬಿಕೊಂಡು ಮೇಲೆದ್ದು, ಒಂದೂ ಸುಕ್ಕಿಲ್ಲದೆ ಮೇಜಿನ ಮೇಲೆ ಇಳಿಯಿತು. ಹರಿದ ಮೂಲೆಯನ್ನು ಬಾಯಮ್ಮ ಅಡಗಿಸಲಿಲ್ಲ, ಮುಂದಕ್ಕೇ ಇಳಿಬಿಟ್ಟರು. ಸಾಲಿನಲ್ಲಿದ್ದವರೆಲ್ಲ "ಸಾಧು, ಸಾಧು" ಎಂದರು. ಭಿಕ್ಷು ಕರಂಡಕವನ್ನು ಅದರ ಮೇಲಿಟ್ಟು ಮುಚ್ಚಳ ತೆಗೆದರು. ಒಳಗೆ ಗಾಜಿನ ಹಿಂದೆ ಅಕ್ಕಿಯ ನುಚ್ಚಿನಷ್ಟು ಏನೋ ಬೆಳ್ಳಗೆ ಕಂಡಿತು. ಕುಸುಮಾ ಮೊಣಕಾಲೂರಿ, ಹಣೆಯನ್ನು ನೆಲಕ್ಕೆ ಮುಟ್ಟಿಸಿ, ತಾಯಿಯ ಹೆಸರು ಹೇಳಿದಳು. ಎದ್ದಾಗ ಅವಳ ಮುಖ ಬೇರೆಯಾಗಿತ್ತು. "ಸಿಕ್ಕಿತು ಮಮ್ಮಿ, ಅಮ್ಮನಿಗೆ ಸಿಕ್ಕಿತು," ಎಂದಳು.

ಅದು ನಿಜವಾಗಿ ಬುದ್ಧನದ್ದೇ ಇರಬಹುದೇ ಎಂದು ವ್ಯಾನಿಗೆ ಮರಳುವಾಗ ನಾನು ಬಾಯಮ್ಮನನ್ನು ಕೇಳಿದೆ. "ನೀನು ಗಾಜಿನೊಳಗೆ ಮಾತ್ರ ನೋಡಿದ್ದಾ? ಅವಳ ಮುಖ ನೋಡ್ಲಿಲ್ವಾ?" ಎಂದರು. ಅವರ ಬಲ ಮಣಿಕಟ್ಟಿಗೆ ಬಡಗಿಯೊಬ್ಬ ಮಂತ್ರಿಸಿದ ಬಿಳಿ ನೂಲು ಕಟ್ಟಿದ್ದ. ಮುಂದಿನ ವಾರ ಇಗರ್ಜಿಯ ಹೆಂಗಸೊಬ್ಬರು ಅದೇನು ಕೈಯಲ್ಲಿ ಎಂದು ಹುಬ್ಬೇರಿಸಿ ಕೇಳಿದಾಗ, "ನೂಲು. ಕಾಣುದಿಲ್ವಾ?" ಎಂದರಂತೆ. ಅದು ತಾನಾಗಿ ಸವೆದು ಬೀಳುವವರೆಗೂ ಅವರು ತೆಗೆಯಲಿಲ್ಲ.

ವ್ಯಾನು ರಿಫಾಕ್ಕೆ ಹೋಗಿ ಕೊಳೆ ಬಟ್ಟೆ ತುಂಬಿಸಿಕೊಂಡು ಹೊತ್ತಿಗೆ ಸರಿಯಾಗಿ ಹಿಂದೆ ಬಂತು. ಡ್ರೈವರನ ನಮಾಜು ತಪ್ಪಲಿಲ್ಲ. ಮದುವೆಗೆ ಒಂದು ಕರವಸ್ತ್ರವೂ ಕಡಿಮೆಯಾಗಲಿಲ್ಲ. ನಾನು ನಮ್ಮ ಬಿಲ್ಡಿಂಗಿನ ಮೂಲೆಯಲ್ಲಿ ಮೊದಲೇ ಇಳಿದುಕೊಂಡೆ. ಹೋಟೆಲಿನ ಗೇಟಿನಲ್ಲಿ ಏಳು ಬಿಳಿ ಬಟ್ಟೆಯ ಹುಡುಗಿಯರು ಇಳಿದದ್ದನ್ನು ಯಾರೋ ನೋಡಿದರು, ಹೇಳಬೇಕಾದವರಿಗೆ ಹೇಳಿದರು.

ಶನಿವಾರ ಬೆಳಿಗ್ಗೆ ಮ್ಯಾನೇಜರರು ನನಗೆ ಒಂದು ಪತ್ರ ಹೇಳಿ ಬರೆಸಿದರು. ಲಾಂಡ್ರಿಯ ಮೇಲ್ವಿಚಾರಕಿ ಮತ್ತು ಏಳು ಜನ ಕೆಲಸಗಾರರು ಅಪ್ಪಣೆಯಿಲ್ಲದೆ ಹೋಗಿದ್ದಾರೆ. ಹೋಟೆಲಿನ ಚಾದರ ಕೊಂಡೊಯ್ದಿದ್ದಾರೆ. ಮೇಲ್ವಿಚಾರಕಿ ವಿಷಾದಿಸುತ್ತಾರೆ, ಕ್ಷಮೆ ಕೋರುತ್ತಾರೆ. ಸಹಿ ಹಾಕಿದರೆ ಕೆಲಸ ಉಳಿಯುತ್ತದೆ. ಇಲ್ಲದಿದ್ದರೆ ವೀಸಾ ರದ್ದು. ಒಟ್ಟು ಎಂಟು ಜನ ಎಂದು ನಾನು ಟೈಪ್ ಮಾಡಿದೆ. ಒಂಬತ್ತನೆಯವಳ ತಲೆಯಲ್ಲಿ ನಿನ್ನೆಯ ಮಲ್ಲಿಗೆಯ ಪರಿಮಳ ಇನ್ನೂ ಇತ್ತು. ನನ್ನ ಬೆರಳು ಎಲ್ಲಿಯೂ ತಪ್ಪಲಿಲ್ಲ. ಅಷ್ಟು ಶುದ್ಧವಾದ ಪತ್ರ ನಾನು ಅದಕ್ಕೂ ಮೊದಲು ಟೈಪ್ ಮಾಡಿರಲಿಲ್ಲ.

ಬಾಯಮ್ಮ ಬಂದು ನಿಂತರು. ಇಂಗ್ಲಿಷ್ ಪತ್ರವನ್ನು ಕನ್ನಡದಲ್ಲಿ ಹೇಳು ಎಂದರು. ತಲೆ ತಗ್ಗಿಸಿ ಹೇಳಿದೆ.

"ಬೇರೆ ಯಾರಿದ್ರು ವ್ಯಾನಿನಲ್ಲಿ?" ಮ್ಯಾನೇಜರರು ಕೇಳಿದರು.

ಬಾಯಮ್ಮ ನನ್ನ ಕಡೆ ನೋಡಲೂ ಇಲ್ಲ. "ನಾನು, ಏಳು ಹುಡುಗಿಯರು. ಡ್ರೈವರನಿಗೆ ಈ ದಾರಿಯಲ್ಲಿ ಹೋಗು ಅಂತ ಹೇಳಿದ್ದು ನಾನು. ಹುಡುಗಿಯರಿಗೆ ವ್ಯಾನು ಹತ್ತಿ ಅಂತ ಹೇಳಿದ್ದೂ ನಾನು."

"ಚಾದರ ಕದ್ದದ್ದು?"

ಅವರು ಜೇಬಿನಿಂದ ಹರಿದ ಮೂಲೆ ತೆಗೆದು ಮೇಜಿನ ಮೇಲೆ ಕೈಯಿಂದ ಸಪಾಟು ಮಾಡಿ ಇಟ್ಟರು. ಕೆಂಪು ಮುದ್ರೆ, ಪಕ್ಕದಲ್ಲಿ ಚಿಕ್ಕ ಸಹಿ. "ಈ ಸೈ ಯಾರದ್ದು ಸರ್? ನೆಲ ಒರೆಸ್ಲಿಕ್ಕೆ ಅಂತ ನೀವೇ ಕೊಟ್ಟದ್ದು. ನೆಲ ಒರೆಸ್ಲಿಲ್ಲ, ಅಷ್ಟೇ ವ್ಯತ್ಯಾಸ."

ಮ್ಯಾನೇಜರರು ಆ ತುಂಡನ್ನು ಮೇಜಿನ ಅಂಚಿಗೆ ಸರಿಸಿದರು. "ಅದು ಬಿಡಿ. ಅದನ್ನು ತೆಗೆಸ್ತೇನೆ. ನನ್ನ ಮಾತು ಮೀರಿದ್ದು? ಅದಕ್ಕಾದ್ರೂ ಸೈ ಹಾಕಿ ಬಾಯಮ್ಮ. ಒಂದು ಸೈ. ನಾಳೆಗೆ ಯಾರಿಗೂ ನೆನಪಿರುವುದಿಲ್ಲ."

"ಮೀರಿದ್ದೇನೆ, ಹೌದು. ಅದನ್ನು ಬೇಕಾದ್ರೆ ದೊಡ್ಡ ಅಕ್ಷರದಲ್ಲಿ ಬರೀರಿ, ಸೈ ಹಾಕ್ತೇನೆ. ವಿಷಾದ ಅಂತ ಬರ್ದದ್ದುಂಟಲ್ಲ, ಅದು ನನಗೆ ಇಲ್ಲ. ಇಲ್ಲದ್ದಕ್ಕೆ ಸೈ ಹಾಕ್ಲಿಕ್ಕೆ ಆಗುದಿಲ್ಲ. ನಾಳೆ ಮತ್ತೆ ಬುದ್ಧ ಬಂದ್ರೆ ಮತ್ತೆ ಕರ್ಕೊಂಡು ಹೋಗ್ತೇನೆ."

ಮೂರು ವಾರದಲ್ಲಿ ಅವರ ವೀಸಾ ರದ್ದಾಯಿತು. ಇನ್ನೂ ಎರಡು ವರ್ಷ ಇರಬೇಕೆಂದಿದ್ದ ಹೆಂಗಸು ಅದು. ಕಪಾಟು ತೆಗೆದು ಅವರ ಪಾಸ್‌ಪೋರ್ಟನ್ನು ಅವರ ಕೈಗೆ ಕೊಟ್ಟವಳು ನಾನೇ. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. "ಮೊದಲು ಬೀಗ ಹಾಕು, ಮತ್ತೆ ಬೈಸ್ಕೊಳ್ತಿ," ಎಂದು ಹೊರಟುಬಿಟ್ಟರು. ಹೋಗುವ ದಿನವೂ ಲಾಂಡ್ರಿಯಲ್ಲಿ ಒಂದು ಚಾದರ ಮೂಸಿ, ಸೋಪು ಹೋಗಿಲ್ಲ ಎಂದು ಬೈದು ಹೋದರೆಂದು ಕುಸುಮಾ ಹೇಳಿದಳು.

ಅವರು ಹೋದ ನಾಲ್ಕನೆಯ ದಿನ ಮ್ಯಾನೇಜರರು ಮತ್ತೆ ಕರೆದರು. ಈಗ ಹುಡುಗಿಯರ ಸರದಿ. ಏಳು ಪತ್ರ, ಪ್ರತಿಯೊಂದರಲ್ಲೂ ಅದೇ ವಿಷಾದ, ಅದೇ ಕ್ಷಮೆ, ಜೊತೆಗೆ ಮುಂದಿನ ವರ್ಷದ ಊರಿನ ರಜೆ ರದ್ದು. ಕುಸುಮಾಳ ಹೆಸರು ಮೊದಲು. ನಾನು ಯಂತ್ರಕ್ಕೆ ಕಾಗದ ಸಿಕ್ಕಿಸಿದೆ. ಅದು ಬೆಳ್ಳಗೆ, ಒಂದೂ ಸುಕ್ಕಿಲ್ಲದೆ ಎದುರಿಗೆ ನಿಂತಿತ್ತು. ಕಲೆಯನ್ನು ಒಳಗೆ ಹಾಕಿ ಮಡಚಿ ನನಗೆ ಸಾಕಾಗಿತ್ತು. ಕಾಗದವನ್ನು ಹಿಂದಕ್ಕೆ ತಿರುಗಿಸಿ ತೆಗೆದೆ.

"ಇದನ್ನು ನಾನು ಟೈಪ್ ಮಾಡುವುದಿಲ್ಲ ಸರ್. ಆ ವ್ಯಾನಿನಲ್ಲಿ ನಾನೂ ಇದ್ದೆ. ಒಂಬತ್ತು ಜನ ಹೋದದ್ದು."

ಅವರು ಕಿರುಚಿದರು, ಊರಿನ ಮರ್ಯಾದೆಯ ಮಾತೆತ್ತಿದರು, ನನ್ನ ಗಂಡನಿಗೆ ಫೋನು ಮಾಡುತ್ತೇನೆಂದರು. ಮಾಡಿ ಎಂದೆ. ಪತ್ರಗಳು ಟೈಪಾಗಲಿಲ್ಲ. ಏಳು ಜನರನ್ನು ಎದುರುಹಾಕಿಕೊಂಡರೆ ಒಗೆಯುವವರು ಯಾರು ಎಂಬಷ್ಟು ಬುದ್ಧಿ ಅವರಿಗೂ ಇತ್ತು. ಕುಸುಮಾ ಮುಂದಿನ ವರ್ಷ ಊರಿಗೆ ಹೋದಳು. ನಾನು ಅದಾದ ಮೇಲೆ ಆ ಕೆಲಸದಲ್ಲಿ ಮೂರು ತಿಂಗಳೂ ನಿಲ್ಲಲಿಲ್ಲ, ಅದಕ್ಕೆ ಇವತ್ತಿನವರೆಗೆ ನನಗೆ ವಿಷಾದವಿಲ್ಲ.

ಬಹಳ ವರ್ಷಗಳ ನಂತರ ಶಂಕರಪುರಕ್ಕೆ ಹೋಗಿ ಬಾಯಮ್ಮನನ್ನು ಕಂಡೆ. ಮನೆ ಮುಂದೆ ನಾಲ್ಕು ಮಲ್ಲಿಗೆ ಗಿಡ, ಜಗಲಿಯಲ್ಲಿ ಹೂ ಕಟ್ಟುತ್ತ ಕೂತಿದ್ದರು. ಎದೆಯಲ್ಲಿ ಇಷ್ಟು ಕಾಲ ಇಟ್ಟುಕೊಂಡದ್ದನ್ನು ಒಂದೇ ಉಸಿರಿಗೆ ಹೇಳಿದೆ: ಆ ದಿನ ನಾನು ಬಾಯಿ ಬಿಡಲಿಲ್ಲ, ಆಮೇಲೆ ಬಿಟ್ಟೆ, ನಾನೂ ವ್ಯಾನಿನಲ್ಲಿದ್ದೆ ಎಂದು ಹೇಳಿದೆ.

"ಅದನ್ನು ನನಗೆ ಯಾಕೆ ಹೇಳ್ತಿ?" ಎಂದರು, ನಾರನ್ನು ಗಂಟು ಹಾಕುತ್ತ. "ನೀನು ನನ್ನ ಕಾಲ ಮೇಲೆಯೇ ಕೂತಿದ್ದೆ. ಎರಡು ದಿನ ನೋವಿತ್ತು."

ಅವರು ತೀರಿಹೋದದ್ದು ಕಳೆದ ವರ್ಷ ಬೇಸಿಗೆಯಲ್ಲಿ. ಅವರ ಮಗ ಫೋನು ಮಾಡಿದ. ನಾನು ಮುಟ್ಟುವಾಗ ಪೆಟ್ಟಿಗೆಯನ್ನು ಜಗಲಿಯಲ್ಲಿ ಇಟ್ಟಿದ್ದರು. ಎದೆಯ ಮೇಲೆ ಜೋಡಿಸಿದ ಕೈಗಳಿಗೆ ಜಪಮಾಲೆ ಸುತ್ತಿತ್ತು, ಬೆರಳ ತುದಿಗಳು ಹಾಗೆಯೇ ನುಣ್ಣಗಿದ್ದವು. ಅವರ ಗಿಡದ್ದೇ ಮಲ್ಲಿಗೆಯನ್ನು ಬುಟ್ಟಿಯಲ್ಲಿಟ್ಟಿದ್ದರು. ಬಂದವರು ಒಂದೊಂದು ತುಂಡು ತೆಗೆದು ಪೆಟ್ಟಿಗೆಯೊಳಗೆ ಇಡುತ್ತಿದ್ದರು. ನನ್ನ ಸರದಿ ಬಂದಾಗ ಪಕ್ಕದಲ್ಲಿ ನಮ್ಮ ಕಡೆಯ ಇಬ್ಬರು ಹೆಂಗಸರು ನಿಂತಿದ್ದರು. ನಾನು ಹೂವನ್ನು ಎರಡೂ ಕೈಯಲ್ಲಿ ಎತ್ತಿ, ಮುಖಕ್ಕೆ ಒತ್ತಿ, ಹೆಗಲು ಮೇಲೇರಿ ಇಳಿಯುವಷ್ಟು ದೀರ್ಘವಾಗಿ ಮೂಸಿದೆ. ಅವತ್ತು ಬೆಳಿಗ್ಗೆ ಕೊಯ್ದ ಹೂವೇ.

"ಅಯ್ಯೋ, ಮೂಸ್ಬಾರ್ದು!" ಎಂದರು ಒಬ್ಬರು.

"ಇವರಿಗೆ ಆಗ್ತದೆ," ಎಂದು ಹೇಳಿ, ಹೂವನ್ನು ಬಾಯಮ್ಮನ ಕೈಗಳ ಮೇಲೆ ಇಟ್ಟೆ.